ಬಿಚ್ಚದ ಗೆರೆ

ಒಂದೂರಲ್ಲಿ ಒಬ್ಬ ರಾಜ, ಅವನಿಗೊಂದು ಸಿಂಹಾಸನ. ಊರು ಅಂದರೆ ನಾಲ್ಕು ಜನ ನಿಂತರೆ ಐದನೆಯವರು ಹೊರಗೆ ನಿಲ್ಲಬೇಕಾದಷ್ಟು ಚಿಕ್ಕದೊಂದು ದರ್ಜಿ ಅಂಗಡಿ. ರಾಜ ಅಂದರೆ ದೊಡ್ಡಪ್ಪ. ಸಿಂಹಾಸನ ಅಂದರೆ ಕಿಟಕಿ ಪಕ್ಕದ ಹೊಲಿಗೆ ಮಷೀನು, ಅದರ ಮುಂದಿನ ಸ್ಟೂಲು. ಆ ಸ್ಟೂಲಿನ ಮೇಲೆ ಅಂದಿನಿಂದ ಇಂದಿನವರೆಗೂ ಗಂಡಸರೇ ಕೂತದ್ದು. ಹೆಂಗಸರಿಗೆ ನೆಲ, ಗುಂಡಿ ಹಚ್ಚುವ ಕೆಲಸ. ಹೀಗಿರುವಾಗ ರಾಜನ ತಮ್ಮನ ಮಗಳು ನೆಲದಿಂದ ಎದ್ದು ನಿಂತು, "ಈ ಮಷೀನಲ್ಲಿ ನಾನೊಂದು ಕೌದಿ ಹೊಲಿದು ತೋರಿಸ್ತೀನಿ. ತೋರಿಸಿದ್ರೆ ಆ ಸ್ಟೂಲು ನಂದು," ಅಂದುಬಿಟ್ಟಳು.

ರಾಜನಿಗೆ ನಗು ತಡೆಯಲಾಗಲಿಲ್ಲ. "ಆಗ್ಲಿ ತಾಯಿ, ರಜೆ ದಿನ ಬಾ. ಆದ್ರೆ ಹಾಕಿದ ಹೊಲಿಗೆ ಬಿಚ್ಚೋ ಹಾಗಿಲ್ಲ, ಇನ್ನೊಬ್ರು ಕೈ ಹಾಕೋ ಹಾಗಿಲ್ಲ. ಒಂದೇ ಒಂದು ಗೆರೆ ಬಿಚ್ಚಿದ್ಯೋ, ಮತ್ತೆ ಈ ಕಡೆ ಕಣ್ಣೆತ್ತಿ ನೋಡಬಾರ್ದು."

"ಒಪ್ದೆ."

ರಜೆ ದಿನ ಬಂತು. ಪ್ಯಾಂಟು ಶರಟುಗಳ ಉಳಿಕೆ ತುಂಡುಗಳನ್ನೆಲ್ಲ ಕೂಡಿಸಿದ ಮೇಲುಹಾಸು, ನಡುವೆ ಹತ್ತಿಯ ಪದರ, ಅಡಿಗೊಂದು ಹಳೆಯ ದುಪ್ಪಟಿ, ಮೂರನ್ನೂ ಹಿಡಿದಿಟ್ಟ ಪಿನ್ನುಗಳು. ಎಲ್ಲವನ್ನೂ ಮಗುವಿನ ಹಾಗೆ ಅವುಚಿಕೊಂಡು ಬಂದು ಹುಡುಗಿ ಸ್ಟೂಲಿನ ಮೇಲೆ ಕೂತಳು. ದಿನಾ ಬೆಳಿಗ್ಗೆ ಕಸ ಗುಡಿಸುವ ನೆಪದಲ್ಲಿ ಚಿಂದಿಯ ಮೇಲೆ ಕದ್ದು ಕಲಿತದ್ದಷ್ಟೇ ಅವಳ ವಿದ್ಯೆ. ಸೀಮೆಸುಣ್ಣದ ಗೆರೆಯ ಮೇಲೆ ಸೂಜಿ ಒಂದು ಗೇಣು ಹೇಳಿದ ಮಾತು ಕೇಳಿತು. ಆಮೇಲೆ ಮೇಜಿನಿಂದ ಕೆಳಗೆ ಜೋತುಬಿದ್ದಿದ್ದ ಅರ್ಧ ಕೌದಿ, ಸಂತೆಯಲ್ಲಿ ಸೆರಗು ಹಿಡಿದ ಮಗುವಿನಂತೆ ಜಗ್ಗತೊಡಗಿತು. ಸೂಜಿ ಎಡಕ್ಕೆ ಅಲೆಯಿತು, ಗಾಬರಿಯಾಗಿ ಬಲಕ್ಕೆ ಓಡಿತು, ಮತ್ತೆ ಎಡಕ್ಕೆ ಹೊರಳಿ ಹೇಗೋ ಅಂಚು ಮುಟ್ಟಿತು.

ದೊಡ್ಡಪ್ಪ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ. "ಎತ್ತು ಉಚ್ಚೆ ಹೊಯ್ದ ಹಾಗಿದೆಯಲ್ಲೇ!" ಆಮೇಲೆ ದನಿ ಮೆತ್ತಗೆ ಮಾಡಿಕೊಂಡು ಬ್ಲೇಡು ಚಾಚಿದ. "ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ. ಬಿಚ್ಚಿಬಿಟ್ಟು ಏಳು."

ಬೈದಿದ್ದರೆ ಅವಳು ಅತ್ತೇ ಬಿಡುತ್ತಿದ್ದಳೇನೋ. ಆ ಕನಿಕರಕ್ಕೆ ಮೈಯೆಲ್ಲ ಉರಿಯಿತು.

"ಬಿಚ್ಚಲ್ಲ. ಅದು ಹಾಗೇ ಇರಬೇಕಾದ್ದು."

"ಹಾಗೇ ಅಂದ್ರೆ? ಸೊಟ್ಟಗೆ?"

"ಹೂಂ, ಸೊಟ್ಟಗೇ. ಇದರ ನಕ್ಷೆನೇ ಅದು."

"ಒಂದು ಸಲ ಸೊಟ್ಟ ಹೋಗೋಕೆ ಕುಡುಕನಿಗೂ ಬರುತ್ತೆ ಕಣೇ. ಅದೇ ಸೊಟ್ಟಾನ ಇನ್ನೊಂದು ಸಲ ಹಾಕು, ನೋಡೋಣ!"

"ಇನ್ನೊಂದು ಸಲ ಯಾಕೆ? ಕೌದಿ ತುಂಬ ಹಾಕ್ತೀನಿ."

ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಸರಿಯಾಗಿ ಒಂದು ಗಿಳಿ ಹಾರಿಬಂದು ಉಪಾಯ ಹೇಳುತ್ತದೆ. ಅಂಗಡಿಗೆ ಯಾವ ಗಿಳಿಯೂ ಬರಲಿಲ್ಲ. ಹುಡುಗಿ ತಾನೇ ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿ, ಅದು ಎಲ್ಲೆಲ್ಲಿ ದಾರಿ ತಪ್ಪಿತ್ತೋ ಅಲ್ಲಲ್ಲಿ ನಿಂತು ಯೋಚಿಸಿದಳು. ಎದ್ದು ಇಸ್ತ್ರಿ ಮೇಜನ್ನು ದರದರ ಎಳೆದು ಎಡಗಡೆಗೆ ತಂದು, ಜೋತುಬಿದ್ದದ್ದನ್ನೆಲ್ಲ ಅದರ ಮೇಲೆ ಹೇರಿದಳು. ಬಲಗಡೆಯದನ್ನು ಬಿಗಿಯಾಗಿ ಸುರುಳಿ ಸುತ್ತಿ ಮಷೀನಿನ ತೋಳಿನಡಿ ತೂರಿಸಿದಳು. ಗುಂಡಿ ಹಚ್ಚುತ್ತಲೇ ತಲೆ ನರೆತ, ಊರೆಲ್ಲ ಗುಂಡಿಯಕ್ಕ ಎಂದೇ ಕರೆಯುವ ಹೆಂಗಸು ಈ ಪಂದ್ಯ ನೋಡಲೆಂದೇ ಬಂದಿದ್ದಳು. ಅವಳು ಸುರುಳಿ ಹಿಡಿಯಲು ಮುಂದಾದಳು. ರಾಜ ಕೆಮ್ಮಿದ.

"ಕೆಮ್ಮಬೇಡಿ, ಕೈ ಹಾಕಲ್ಲ," ಅಂದಳು ಗುಂಡಿಯಕ್ಕ. "ಬಾಯಿಗೇನೂ ಷರತ್ತಿಲ್ವಲ್ಲ? ಏ ಹುಡುಗಿ, ನಿಧಾನ!"

ಹುಡುಗಿ ಬಟ್ಟೆಯನ್ನು ಒತ್ತಿಹಿಡಿಯುವ ಮಷೀನಿನ ಪಾದದ ಅಂಚನ್ನು ಮೊದಲ ಗೆರೆಗೆ ಒರಗಿಸಿ ಪೆಡಲು ತುಳಿದಳು. ಅದು ಅಲೆದಲ್ಲಿ ತಾನೂ ಅಲೆದಳು. ಅದು ಗಾಬರಿಬಿದ್ದು ಓಡಿದಲ್ಲಿ ತಾನು ಗಾಬರಿಯಿಲ್ಲದೆ ತಿರುಗಿದಳು. ಎರಡನೆಯ ಗೆರೆ ಮೊದಲನೆಯದರ ತಂಗಿಯಂತೆ ಪಕ್ಕದಲ್ಲೇ ಮಲಗಿತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕೌದಿಯ ಮೇಲೆ ಒಂದು ಹೊಳೆ ಹರಿಯತೊಡಗಿತ್ತು. ಕಿಟಕಿಯ ಬೆಳಕಿಗೆ ಅದರ ಅಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ದೊಡ್ಡಪ್ಪ ಟೇಪು ತಂದು ಗೆರೆಗೆರೆಯ ನಡುವೆ ಅಳೆದ. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ.

"ಎಷ್ಟು ಹೆಚ್ಚುಕಮ್ಮಿ ಬಂತು?" ಗುಂಡಿಯಕ್ಕ ಕೇಳಿದಳು.

"ನಿನ್ನ ತಲೆ!"

ಕೊನೆಯ ಗೆರೆ. ಅಂಚಿಗೆ ಇನ್ನು ಅಂಗೈಯಷ್ಟು ದೂರವಿದ್ದಾಗ, ಪ್ಯಾಂಟಿನ ತುಂಡುಗಳು ಒಂದರ ಮೇಲೊಂದು ಕೂಡಿದ್ದ ದಪ್ಪದಲ್ಲಿ ಸೂಜಿ ಕಚ್ಚಿಕೊಂಡಿತು. ಪೆಡಲು ಅಲ್ಲಾಡಲೊಲ್ಲದು. ದೊಡ್ಡಪ್ಪನ ಕೈ ಮಷೀನಿನ ಚಕ್ರದ ಮೇಲೆ ಬಂದು ಕೂತಿತು.

"ಸರಿ ಸ್ವಲ್ಪ. ಇದು ನಿನ್ನ ಕೈಲಾಗಲ್ಲ. ಇಷ್ಟು ದೂರ ಬಂದಿದ್ದೀಯ, ಷರತ್ತು ಗಿರತ್ತು ಎಲ್ಲ ಹಾಳಾಗ್ಲಿ, ನಾನೇ ದಾಟಿಸಿಕೊಡ್ತೀನಿ."

ಅವನು ಪ್ರೀತಿಯಿಂದಲೇ ಹೇಳಿದ್ದ. ಆದರೆ ಆ ಚಕ್ರ ಒಂದು ಸುತ್ತು ಅವನ ಕೈಯಲ್ಲಿ ತಿರುಗಿದರೆ, ಅವನು ಬದುಕಿರುವವರೆಗೂ ಈ ಕೌದಿ ಮುಗಿಸಿದ್ದು ಅವನೇ ಆಗಿರುತ್ತಾನೆ. ಹುಡುಗಿಗೆ ಅದು ಗೊತ್ತಿತ್ತು.

"ಕೈ ತೆಗೀರಿ ದೊಡ್ಡಪ್ಪ."

"ಸೂಜಿ ಮುರಿಯುತ್ತೆ ಕಣೇ!"

"ಮುರಿದ್ರೆ ಇನ್ನೊಂದು ಹಾಕ್ತೀನಿ. ಕೈ ತೆಗೀರಿ."

ಅವನು ತೆಗೆದ. ಅವಳು ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸಿದಳು. ಸೂಜಿ ನರಳಿತು, ದಪ್ಪದೊಳಗೆ ಇಳಿಯಿತು, ಮೇಲೆ ಬಂತು. ಒಂದೊಂದೇ ಹೊಲಿಗೆ, ಒಂದೊಂದೇ ಹೊಲಿಗೆ. ದಪ್ಪ ದಾಟಿತು, ಕೊನೆಯ ತಿರುವೂ ದಾಟಿತು, ಅಂಚು ಬಂತು.

ದೊಡ್ಡಪ್ಪ ತನ್ನ ಕತ್ತರಿ ಚಾಚಿದ. ಅವಳು ಅದರ ಕಡೆ ನೋಡಲಿಲ್ಲ. ಸ್ಟೂಲಿನಿಂದ ಏಳಲೂ ಇಲ್ಲ. ಕೂತಲ್ಲಿಂದಲೇ ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದಳು.