ಒಂಬತ್ತು ದಿನಗಳ ತೆರಿಗೆ

ಸಂಬಳಕ್ಕಿದ್ದಾಗ ಆದಾಯ ತೆರಿಗೆಯೆಂದು ವಿಶಾಲಾಕ್ಷಿಯ ಆಯುಸ್ಸಿನಿಂದ ದಿನಕ್ಕೆ ಕೆಲವು ನಿಮಿಷ ಕಡಿತವಾಗುತ್ತಿತ್ತು. ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ತಾನು ಕೆಲಸಕ್ಕಿದ್ದ ದಾವಣಗೆರೆಯ ಪುಟ್ಟ ಕಟ್ಟಡ ನಕ್ಷೆ ಸಂಸ್ಥೆಯಲ್ಲೇ ಪಾಲುದಾರಳಾದ ಮೇಲೆ, ವರ್ಷಕ್ಕೆ ಒಂಬತ್ತು ದಿನಗಳನ್ನು ತಾನೇ ಆರಿಸಿ ಒಟ್ಟಿಗೆ ಕಟ್ಟಬೇಕಾಯಿತು. ಕಟ್ಟಿದ ದಿನಗಳೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತಿದ್ದವು.

“ಅವ್ವಗೆ ಇನ್ನೊಂದು ತಿಂಗ್ಳು ಅಷ್ಟೇ ಅಂದಾರೆ ಡಾಕ್ಟ್ರು. ಆಕಿ ಹೋದ ದಿನದಿಂದ ಒಂಬತ್ತು ದಿನ ಬರ್ಕಳ್ರಿ ಸರ್,” ಎಂದಳು.

ತೆರಿಗೆ ಕಚೇರಿಯ ಗುಮಾಸ್ತ ಪೆನ್ನು ಕೆಳಗಿಟ್ಟ. “ಬ್ಯಾಡ್ರಿ ಮೇಡಂ. ನಮ್ಮಪ್ಪ ಹೋದಾಗ ನಾನೂ ಹಂಗೇ ಕೊಟ್ಟಿದ್ದೆ. ಎದ್ದಾಗ ಮನ್ಯಾಗೆ ಎಲ್ರೂ ಅತ್ತು ಮುಗ್ಸಿದ್ರು. ನನ್ ಜತಿಗೆ ಅಳಾಕೆ ಯಾರೂ ಇರ್ಲಿಲ್ಲ.”

ವಿಶಾಲಾಕ್ಷಿ, ಪಾಲುದಾರಳಾದ ಖುಷಿಗೆಂದು ಗೊತ್ತುಮಾಡಿಕೊಂಡಿದ್ದ ಕಾಶ್ಮೀರ ಪ್ರವಾಸದ ಒಂಬತ್ತು ದಿನಗಳನ್ನು ಬರೆಸಿ, ಅವ್ವನಿಗೆ ಗಂಜಿ ಕುಡಿಸುವ ಹೊತ್ತಾಯಿತೆಂದು ಎದ್ದಳು.