ಒಣಗಿದ ಎಲೆ ರೆಕ್ಕೆ ಬಿಚ್ಚಿತು

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಓದುತ್ತಾ ನಿಮ್ಮ ಮನೆಯವರೇ ಒಬ್ಬರು ನೆನಪಾದರೆ ಆಶ್ಚರ್ಯವಿಲ್ಲ.

ಮೈಸೂರಿನಲ್ಲಿ ಪುಟ್ಟಬಸಪ್ಪ ಅಂತ ಒಬ್ಬರು. ಹಾರ್ಡ್‌ವೇರ್ ಅಂಗಡಿ ಮಾಲೀಕರು. ಕೋಳಿಗಿಂತ ಮೊದಲೇ ಎದ್ದು, ಮಲಗಿರುವವರಿಗೆಲ್ಲ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುವ ಪೈಕಿ!

ಅವರ ಹೆಂಡತಿ ಸರ್ವಮಂಗಳಾ. ಒಂಬತ್ತನೇ ಕ್ಲಾಸಿಗೇ ಅಪ್ಪ ಸ್ಕೂಲು ಬಿಡಿಸಿದ್ದರು... ಆಮೇಲೆ ಮದುವೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆಯ ಸೇವೆ.

ಈಗ ವಯಸ್ಸು ಐವತ್ತರ ಹತ್ತಿರ. ಒಂದು ರಾತ್ರಿ ಊಟ ಬಡಿಸುತ್ತಾ ಹೇಳಿದರು, "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಕಟ್ತೀನಿ ಕಣ್ರೀ. ಸೋಮವಾರದಿಂದ ಟ್ಯೂಷನ್ ಶುರುವಾಗುತ್ತೆ."

ಪುಟ್ಟಬಸಪ್ಪ ನಕ್ಕುಬಿಟ್ಟರು. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ... ಈಗ ಎಸ್ಸೆಸ್ಸೆಲ್ಸಿನಾ? ಕಾಲ ಮೀರಿ ಹೋಯ್ತು ಬಿಡು!"

ಆಕೆಯ ಮುಖ ಸಣ್ಣದಾಯಿತು. ಮಾತು ಬದಲಿಸಿದರು. "ಚಿಟ್ಟೆ ಕಾಣಿಸಿಕೊಳ್ಳೋ ಕಾಲ ಬಂತು. ಭಾನುವಾರ ಬೆಟ್ಟದ ಕಡೆ ಹೋಗಿ ಬರೋಣ್ವಾ?"

"ಈ ಚಳಿಯಲ್ಲಿ ಚಿಟ್ಟೆನಾ? ಒಂದೇ ಒಂದು ತೋರಿಸು, ನಿನ್ನ ಟ್ಯೂಷನ್ನಿಗೆ ನಾನು ಅಡ್ಡ ಬರಲ್ಲ. ಸಿಗದಿದ್ರೆ ಆ ಮಾತು ಮತ್ತೆ ಎತ್ತಬಾರದು!"

ಅವರು ತಮಾಷೆಗೆ ಅಂದಿದ್ದು... ಆದರೆ ಆಕೆ, "ಆಯ್ತು" ಅಂದರು.

ಭಾನುವಾರ ಕತ್ತಲಿರುವಾಗಲೇ ಹೆಂಡತಿಯನ್ನು ಎಬ್ಬಿಸಿ ಹೊರಡಿಸಿದರು ಪುಟ್ಟಬಸಪ್ಪ. ಬೇಗ ಹೋದವರಿಗೇ ಎಲ್ಲ ಸಿಗೋದು ಅನ್ನುವುದು ಅವರ ಸಿದ್ಧಾಂತ.

ಬೆಟ್ಟದ ಬುಡದಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಹುಲ್ಲಿನ ಮೇಲೆಲ್ಲ ಇಬ್ಬನಿ. ಲಂಟಾನ ಪೊದೆಗಳನ್ನೆಲ್ಲ ಹುಡುಕಿದರು... ಒಂದು ಚಿಟ್ಟೆಯೂ ಇಲ್ಲ.

ಬೆಳಕು ಹರಿಯಿತು. ಬಿಸಿಲು ಬೆಟ್ಟದ ನೆತ್ತಿಗೆ ಬಂತು, ಕೆಳಗೆ ಇನ್ನೂ ಬಂದಿರಲಿಲ್ಲ.

"ಮುಗೀತು. ನಡಿ, ಹೋಗಿ ತಿಂಡಿ ತಿನ್ನೋಣ."

ಸರ್ವಮಂಗಳಾ ಅಲ್ಲೇ ಒಂದು ಬಂಡೆಯ ಮೇಲೆ ಸೆರಗು ಹೊದ್ದು ಕೂತರು. "ನೀವು ಹೋಗಿ. ನಾನು ಬರಲ್ಲ."

ಮದುವೆಯಾದ ಮೇಲೆ ಅವರು 'ಬರಲ್ಲ' ಅಂದಿದ್ದು ಅದೇ ಮೊದಲು. ಪುಟ್ಟಬಸಪ್ಪನವರಿಗೆ ಸಿಟ್ಟು ಬಂತು... ಆದರೂ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಗೊಣಗುತ್ತಾ ನಿಂತರು.

ನಿಧಾನವಾಗಿ ಬಿಸಿಲು ಇಳಿದು ಬಂತು. ಹುಲ್ಲಿನ ಇಬ್ಬನಿ ಆರಿತು. ಬಂಡೆ ಬೆಚ್ಚಗಾಯಿತು.

"ಅಲ್ಲಾಡಬೇಡಿ!" ಅಂದರು ಸರ್ವಮಂಗಳಾ.

ಪುಟ್ಟಬಸಪ್ಪನವರ ಚಪ್ಪಲಿಯ ಪಕ್ಕದಲ್ಲಿ, ನೆಲದ ಮೇಲೆ, ಒಂದು ಒಣಗಿದ ಎಲೆ. ಬೆಳಗಿನಿಂದ ಎಷ್ಟೋ ಸಲ ಅದನ್ನು ದಾಟಿ ಓಡಾಡಿದ್ದರು.

ಆ ಎಲೆ ನಡುಗಿತು... ಮೆಲ್ಲಗೆ ಬಿಚ್ಚಿಕೊಂಡಿತು... ಒಳಗೆಲ್ಲ ನೀಲಿ!

ರೆಕ್ಕೆ ಹರಡಿಕೊಂಡು ಸ್ವಲ್ಪ ಹೊತ್ತು ಬಿಸಿಲು ಕಾಯಿಸಿತು. ಆಮೇಲೆ ಹಾರಿಹೋಯಿತು.

ಪುಟ್ಟಬಸಪ್ಪ ಬೆರಗಾದರು. "ಈ ಚಿಟ್ಟೆ ಇಲ್ಲೇ ಇತ್ತಾ?"

"ಇಲ್ಲೇ ಇತ್ತು ಕಣ್ರೀ. ಮೈ ಬೆಚ್ಚಗಾಗದೆ ಹೇಗೆ ಹಾರುತ್ತೆ? ನೀವು ಬೇಗ ಬಂದ್ರಿ ಅಂದ ಮಾತ್ರಕ್ಕೆ ಅದು ತಡ ಮಾಡಿದ ಹಾಗಾಗಲ್ಲ."

ಆಕೆಯ ದನಿ ನಡುಗಿತು. "ನಮ್ಮಪ್ಪ ಸ್ಕೂಲು ಬಿಡಿಸಿದಾಗಿಂದ ನಾನೂ ಹೀಗೇ ಕೂತಿದ್ದೀನಿ. ಓದೋ ಆಸೆ ಸತ್ತುಹೋಯ್ತು ಅಂತ ನೀವೆಲ್ಲ ಅಂದ್ಕೊಂಡ್ರಿ... ಅದು ಸತ್ತಿರಲಿಲ್ಲ."

ಪುಟ್ಟಬಸಪ್ಪ ಆಕೆಯ ಪಕ್ಕದಲ್ಲೇ ಬಂಡೆಯ ಮೇಲೆ ಕೂತರು. ಕಣ್ಣು ತುಂಬಿಕೊಂಡು ಬಂತು. ಇಷ್ಟು ವರ್ಷ ಜೊತೆಯಲ್ಲಿದ್ದೂ ಒಂದು ದಿನ ಕೇಳಲಿಲ್ಲವಲ್ಲ ಅನ್ನಿಸಿತು.

ಸೋಮವಾರ ಅಂಗಡಿಯ ಮುಂದೆ ಗಿರಾಕಿಗಳು ಕಾದು ಕಾದು ಸುಸ್ತಾಗಿದ್ದರು. "ಏನ್ ಸ್ವಾಮಿ, ಮೈ ಹುಷಾರಿಲ್ವಾ?"

ಶಟರ್ ಎತ್ತುತ್ತಾ ಪುಟ್ಟಬಸಪ್ಪ ಎದೆಯುಬ್ಬಿಸಿ ಹೇಳಿದರು, "ನಮ್ಮ ಮನೆಯವರನ್ನ ಕ್ಲಾಸಿಗೆ ಬಿಟ್ಟು ಬಂದೆ!"

*ರೆಕ್ಕೆ ಮಡಚಿ ಕೂತವರಿಗೆ ಹಾರಲು ಬರುವುದಿಲ್ಲ ಅನ್ನಬೇಡಿ... ಅವರಿಗಿನ್ನೂ ಬಿಸಿಲು ತಾಕಿಲ್ಲ, ಅಷ್ಟೇ.*

ನಿಮ್ಮ ಮನೆಯಲ್ಲೂ ಹೀಗೆ ಸುಮ್ಮನೆ ಕೂತವರೊಬ್ಬರು ಇದ್ದಾರಾ? ಅವರಿಗೆ ಏನು ಆಸೆ ಅಂತ ನೀವು ಕೊನೆಯ ಸಲ ಕೇಳಿದ್ದು ಯಾವಾಗ?