ವಾಸನೆಯಿಲ್ಲದ ಹೂವು

ಜೇನುಹುಳುಗಳು ಅಳಿದ ಮೇಲೆ ಗುಡ್ಡದ ಚಿಟ್ಟೆಲಿಲಿ ಹೂಗಳು ಪರಾಗ ಹೊರಲು ಮನುಷ್ಯರನ್ನೇ ಕರೆಯತೊಡಗಿದ್ದವು. ಒಂದೊಂದು ಜಾತಿಯ ಪರಿಮಳಕ್ಕೆ ಒಂದೊಂದು ಬಗೆಯವರು ಮರುಳಾಗಿ, ಅನ್ನನೀರು ಮರೆತು ಹೂವಿಂದ ಹೂವಿಗೆ ಮೂಗೊತ್ತುತ್ತ ಅಲ್ಲೇ ಸಾಯುತ್ತಿದ್ದರು. ಹೊಸ ಜಾತಿ ಯಾರನ್ನು ಸೆಳೆಯುತ್ತದೆಂದು ಗುರುತಿಸಿ, ಅಂಥವರನ್ನು ಗುಡ್ಡದಿಂದ ದೂರವಿಡುವುದು ಸುಗುಣಾಳ ಕೆಲಸ. ಹೆರಿಗೆ ರಜೆ ಮುಗಿಸಿ ಅವಳು ಅಂದೇ ಮರಳಿದ್ದಳು.

“ಇದಕ್ಕೆ ವಾಸ್ನೇನೇ ಇಲ್ಲ ಕಣಮ್ಮ. ಯಾರನ್ನೂ ಕರೆಯಕ್ ಬರ್ದಿರೋ ಪೆದ್ದು ಹೂವು,” ಎಂದು ಹಿರಿಯ ಸಹಾಯಕ ತಮ್ಮಣ್ಣಯ್ಯ ಹೊಸ ಜಾತಿಯ ಹೂವೊಂದನ್ನು ಅವಳ ಮುಂದಿಟ್ಟು ನಕ್ಕರು.

ಸುಗುಣಾ ಮೂಸಿದಳು. ತನ್ನ ಕೂಸಿನ ನೆತ್ತಿಯ ವಾಸನೆ ಬಂತು. ಎದೆಹಾಲು ಜಿನುಗಿ ಕುಪ್ಪಸ ಒದ್ದೆಯಾಯಿತು.

“ಹೂಂ ತಮ್ಮಣ್ಣಯ್ಯನೋರೆ, ಏನೂ ಇಲ್ಲ,” ಎಂದು ಹೇಳಿ, ದಾಖಲೆಯಲ್ಲಿ ‘ಯಾರನ್ನೂ ಸೆಳೆಯದು’ ಎಂದೇ ಬರೆದಳು.

ಮನೆಯಲ್ಲಿ ಕೂಸು ಹಸಿದು ಅಳುವ ಹೊತ್ತಿಗೆ ಅವಳು ಗುಡ್ಡ ಹತ್ತುತ್ತಿದ್ದಳು.